ಮುಯ್ಯಾಳಿನ ವೋಚರು

ನಾಲೆಗೆ ನೀರು ಬಿಟ್ಟರೆಂದರೆ ನಮ್ಮ ಅಂಗಡಿಗೆ ಬೀಗ ಬಿದ್ದಂತೆಯೇ. ಶ್ರೀರಂಗಪಟ್ಟಣದ ಕೋಟೆಯೊಳಗೆ ನಮ್ಮಪ್ಪ ಇಟ್ಟಿದ್ದ ಬೋರ್ಡು ಬರೆಯುವ ಅಂಗಡಿ ಅದು. ತೊಂಬತ್ತರ ದಶಕದ ಶುರುವಿನಲ್ಲಿ ಅಪ್ಪನ ಕಣ್ಣು ಮೊದಲು ಮಂಜಾಗಿ, ಆಮೇಲೆ ಪೂರ್ತಿ ಹೋಗಿ, ಅಂಗಡಿ ನನ್ನ ಪಾಲಿಗೆ ಬಂತು. ಬಂತು ಎಂದರೆ ಯಾರೂ ಕರೆದು ಕೊಡಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವವರು ಇರಲಿಲ್ಲ, ನಾನು ತೆಗೆದೆ. ಅಣ್ಣ ಮೈಸೂರಿನಲ್ಲಿ ಗುಮಾಸ್ತನಾಗಿದ್ದ. ಅಮ್ಮ, ಹೆಣ್ಣುಮಗಳು ಏಣಿ ಹತ್ತಕೂಡದು ಎಂದು ಕಡ್ಡಿ ಮುರಿದಂತೆ ಹೇಳಿದಳು. ಸರಿ, ಏಣಿ ಹತ್ತುವವರನ್ನು ಹುಡುಕಿಕೊಂಡೆ.

ಬೋರ್ಡಿನಿಂದ ಹೊಟ್ಟೆ ತುಂಬುತ್ತಿರಲಿಲ್ಲ. ತುಂಬಿಸುತ್ತಿದ್ದದ್ದು ಗೋಡೆ ಬರಹ. ಒಂದು ರಸಗೊಬ್ಬರದ ಕಂಪನಿಯವರು ನಾಲ್ಕು ತಾಲ್ಲೂಕಿನ ಗೋಡೆಗಳನ್ನು ನಮಗೆ ವಹಿಸಿದ್ದರು. ಹಸಿರು ಪಟ್ಟಿ, ಹಳದಿ ಅಕ್ಷರ, ಮೂಲೆಯಲ್ಲಿ ಒಂದು ತೆನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ಊರುಗಳ ನಡುವೆ ಬಸ್ಸು ಓಡಾಡುವ ರಸ್ತೆಯಲ್ಲಿ ಯಾವ ಗೋಡೆ ಖಾಲಿ ಬಿದ್ದಿದೆ ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಗೋಡೆಯ ಯಜಮಾನನನ್ನು ಒಪ್ಪಿಸುವುದು ನನ್ನ ಕೆಲಸ. ಅವನು ಒಪ್ಪುತ್ತಾನೆ, ಸುಮ್ಮನೆ ಒಪ್ಪುವುದಿಲ್ಲ. ಬಾಗಿಲಿಗೂ ಒಂದು ಕೈ ಬಣ್ಣ ಹೊಡೆಸಿಕೊಳ್ಳುತ್ತಾನೆ. ಕರಿಘಟ್ಟದ ಕೆಳಗಿನ ಒಬ್ಬ ಮಹಾನುಭಾವ ತನ್ನ ಎತ್ತಿನ ಗಾಡಿಗೇ ಬಣ್ಣ ಬೇಕೆಂದು ಹಟ ಹಿಡಿದು ಕೂತ. ಹಸಿರು ಉಳಿದಿತ್ತು, ಹೊಡೆಸಿಕೊಟ್ಟೆ. ಆ ಖರ್ಚನ್ನು ಯಾವ ಬಾಬಿನಲ್ಲಿ ಬರೆಯುವುದೆಂದು ನಮ್ಮ ಲೆಕ್ಕದವರು ಒಂದು ಭಾನುವಾರವಿಡೀ ತಲೆ ಕೆಡಿಸಿಕೊಂಡರು.

ಈ ಲೆಕ್ಕದವರ ವಿಷಯ ಹೇಳಬೇಕು. ಮೈಸೂರಿನ ಆಡಿಟರು ನಮ್ಮ ಲೆಕ್ಕವನ್ನೆಲ್ಲ ತಾವೇ ಬರೆದು ಸಹಿ ಹಾಕಲು ಕೇಳಿದ ಫೀಸು ಕೇಳಿ ನನಗೆ ಎದೆ ಧಸಕ್ಕೆಂದಿತ್ತು. ಅಷ್ಟು ಕೊಟ್ಟರೆ ಆಮೇಲೆ ಬರೆಯಲು ಲೆಕ್ಕವೇ ಉಳಿಯುವುದಿಲ್ಲ ಎಂದೆ. ಅವರು ನಕ್ಕು, ಬೇರೆ ಯಾರಾದರೂ ಅಚ್ಚುಕಟ್ಟಾಗಿ ಬರೆದು ತಂದುಕೊಟ್ಟರೆ ನೋಡಿ ಸಹಿ ಹಾಕಲು ಅದರ ಅರ್ಧ ಸಾಕು ಎಂದರು. ಹಾಗೆ ಸಿಕ್ಕವರು ಪಾಂಡವಪುರದ ಒಬ್ಬ ಹಿರಿಯರು. ಯಾವುದೋ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದರು. ಭಾನುವಾರ ಬಸ್ಸಿನಲ್ಲಿ ಬರುವರು, ಸಂಜೆ ಹೋಗುವರು. ದಿನಕ್ಕಿಷ್ಟು ಎಂದು ಫೀಸು, ಬಸ್ ಚಾರ್ಜು, ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ. ಸಾರಿಗೆ ಉಪ್ಪು ಕಡಿಮೆಯಾದರೆ ಮುಖ ಸಿಂಡರಿಸುವರು, ಬಾಯಿಬಿಟ್ಟು ಹೇಳರು. ಅಮ್ಮನಿಗೆ ಅವರನ್ನು ಕಂಡರಾಗುತ್ತಿರಲಿಲ್ಲ. ನನಗೆ ಅವರು ಅಗ್ಗವಾಗಿ ಸಿಕ್ಕರೆನ್ನುವ ಸಂತೋಷವೊಂದೇ ಸಾಕಾಗಿತ್ತು.

ಬಣ್ಣ ಹೊಡೆಯುವವರು ಯಾರೂ ನನ್ನ ನೌಕರರಲ್ಲ. ಎಲ್ಲರೂ ಬೇಸಾಯದ ಮನೆಯವರು. ಗೋಡೆಯಿದ್ದರೆ ಬರುವರು, ಚದರಡಿ ಲೆಕ್ಕದಲ್ಲಿ ದುಡ್ಡು ಪಡೆಯುವರು, ಹೋಗುವರು. ಪಾಂಡವಪುರದ ಕಡೆ ನಾಲೆಗೆ ನೀರು ಬಂದರೆ ನಾಟಿಗೆ ಹೋಗುವರು; ಕೆ.ಆರ್. ಪೇಟೆಯವರು ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಕಟಿಂಗ್ ಆರ್ಡರು ಬಂತೆಂದು ಅರ್ಧ ಅಕ್ಷರಕ್ಕೆ ಬ್ರಷ್ಷು ಬಿಟ್ಟು ಓಡುವರು. ರಸ್ತೆಯ ಮೇಲೆ 'ಗೊಬ್' ಎಂದಷ್ಟೇ ಬರೆದ ಗೋಡೆಯೊಂದು ಹದಿನೈದು ದಿನ ನಿಂತಿದ್ದುಂಟು. ಬೈದರೆ, "ಅಕ್ಕ, ಕಬ್ಬು ಒಣಗೋದ್ರೆ ನಿಮ್ ಗೊಬ್ರ ತಕಂಡ್ ಏನ್ ಮಾಡವ" ಎನ್ನುವರು. ಅದಕ್ಕೆ ನಾನೇನು ಹೇಳಲಿ? ಕಾಯಂ ಆಳು ಇಟ್ಟುಕೊಳ್ಳುವ ಶಕ್ತಿ ನನಗಿರಲಿಲ್ಲ, ಕಾಯಂ ಆಗಿ ಇರುವ ಮನಸ್ಸು ಅವರಿಗೂ ಇರಲಿಲ್ಲ.

ಹೀಗೇ ಕೆಲವು ವರ್ಷ ನಡೆಯಿತು. ಒಂದು ಸಲ ಸಂಕ್ರಾಂತಿ ಕಳೆದ ಮೇಲೆ ಕಂಪನಿಯಿಂದ ಕಾಗದ ಬಂತು. ಹಿಂದಿನ ವರ್ಷದ ಲೆಕ್ಕಕ್ಕೆ ಆಡಿಟರ ಸಹಿ ಹಾಕಿಸಿ ಯುಗಾದಿಯೊಳಗೆ ಕಳಿಸಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಗೋಡೆ ಇಲ್ಲ. ಅದನ್ನು ನಾನು ಮೇಜಿನ ಮೇಲೆ ಇಟ್ಟಿದ್ದೇ ತಪ್ಪಾಯಿತು. ಆ ವಾರ ಊರಿಗೆ ಬಂದಿದ್ದ ಅಣ್ಣ ಓದಿದ.

ಅವನಿಗೆ ಬಹಳ ದಿನದಿಂದ ಆ ಜಾಗದ ಮೇಲೆ ಕಣ್ಣಿತ್ತು. ಬೀದಿಯ ತಿರುವಿನಲ್ಲಿ, ಬಸ್ಸಿಳಿದವರು ನಡೆದುಬರುವ ಕಡೆ ಇತ್ತಲ್ಲ; ಎಸ್‌ಟಿಡಿ ಬೂತು ಹಾಕಿ ಹೆಂಡತಿಯ ತಮ್ಮನನ್ನು ಕೂರಿಸಬೇಕೆಂದಿದ್ದ. "ನೋಡು, ನಾನು ಅನ್ಯಾಯ ಮಾಡಲ್ಲ. ಯುಗಾದಿಗೆ ಕಂಪನಿ ಕೆಲಸ ಉಳಿದಿದ್ರೆ ಅಂಗಡಿ ನೀನೇ ನಡೆಸ್ಕೋ. ಇಲ್ಲದಿದ್ರೆ ಬಾಗಿಲು ಹಾಕಿ, ತೋರಿಸಿದ ಹುಡುಗನ್ನ ಒಪ್ಕೋ" ಎಂದ. ಎರಡೂ ಒಂದೇ ಉಸಿರಿನಲ್ಲಿ. ಮದುವೆ ಬೇಡವೆಂದು ನಾನೇನೂ ಶಪಥ ಮಾಡಿರಲಿಲ್ಲ. ಅಂಗಡಿ ಕಿತ್ತುಕೊಂಡ ಸಮಾಧಾನಕ್ಕೆ ಗಂಡನನ್ನು ಕೊಡುತ್ತೇನೆ ಎಂದನಲ್ಲ, ಅದಕ್ಕೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಪಕ್ಕದಲ್ಲೇ ಕೂತಿದ್ದರು, ಏನೂ ಹೇಳಲಿಲ್ಲ. ಅದೂ ನನಗೆ ಉರಿಯಿತು.

ಮುಂದಿನ ಭಾನುವಾರ ಲೆಕ್ಕದವರು ಇಡೀ ವರ್ಷದ ವೋಚರು ಹರಡಿಕೊಂಡು ಕೂತರು. ಇಂಥ ಕೆಲಸಕ್ಕೆ ಇಷ್ಟು ದುಡ್ಡು ಮುಟ್ಟಿತು ಎಂದು ಬಣ್ಣದವರು ಸಹಿ ಹಾಕಿಕೊಡುವ ಚೀಟಿಗಳು ಅವು. ಆಡಿಟರು ಖಡಾಖಂಡಿತವಾಗಿ ಹೇಳಿದ್ದರಂತೆ: ಸಹಿಯಿಲ್ಲದ ಒಂದೇ ಒಂದು ಚೀಟಿ ಇದ್ದರೂ ನಾನು ಮುಟ್ಟುವುದಿಲ್ಲ. ಹೆಚ್ಚಿನವಕ್ಕೆಲ್ಲ ಸಹಿ ಇತ್ತು. ಬಿಟ್ಟುಹೋದದ್ದನ್ನು ನಾವಿಬ್ಬರೂ ಬಸ್ಸು ಹತ್ತಿ ಊರೂರಿಗೆ ಹೋಗಿ ಹಾಕಿಸಿಕೊಂಡು ಬಂದೆವು. ಪಾಂಡವಪುರದಲ್ಲಿ ಒಬ್ಬ ಹಾಲಿನ ಡೈರಿಯ ಮುಂದೆ ಸರದಿಯಲ್ಲಿ ನಿಂತೇ ಸಹಿ ಹಾಕಿದ. ಕೊನೆಗೆ ಉಳಿದದ್ದು ಒಂದು. ಆ ವರ್ಷದ ಎಲ್ಲಕ್ಕಿಂತ ದೊಡ್ಡ ಗೋಡೆಯದೇ ಅದು: ಮಾಕವಳ್ಳಿ ರಸ್ತೆಯ ಹಳೆಯ ಅಕ್ಕಿ ಗಿರಣಿಯ ಗೋಡೆ. ಅದಕ್ಕೆ ದುಡ್ಡೂ ಹೋಗಿರಲಿಲ್ಲ. ಲಕೋಟೆಯಲ್ಲಿ ಹಾಕಿ ಇಟ್ಟಿದ್ದೆ, ಕೆಲಸ ವಹಿಸಿಕೊಂಡವನು ಬಂದು ಪಡೆದಿರಲಿಲ್ಲ. ಮರೆತಿರಬೇಕು ಎಂದುಕೊಂಡಿದ್ದೆ. ದುಡ್ಡು ಯಾರಾದರೂ ಮರೆಯುತ್ತಾರೆಯೇ? ನನ್ನ ಬುದ್ಧಿಗಿಷ್ಟು.

ವಹಿಸಿಕೊಂಡವನು ಹೊಸಹೊಳಲಿನವನು. ಲಕೋಟೆ ತೆಗೆದುಕೊಂಡು ನಾವೇ ಹೋದೆವು. ಎಮ್ಮೆಗೆ ನೀರು ತೋರಿಸುತ್ತಿದ್ದವನು ಲಕೋಟೆ ನೋಡಿ ಕೈ ಹಿಂದಕ್ಕೆಳೆದುಕೊಂಡ.

"ಅದು ನನ್ ದುಡ್ಡಲ್ಲ ಕಣಕ್ಕ. ಏಣಿ ಅತ್ತಿದ್ದು ನಾನಾ?"

ವಿಷಯ ಇಷ್ಟು. ಗೋಡೆಗೆ ಸುಣ್ಣ ಬಳಿದ ದಿನವೇ ಇವನಿಗೆ ಕಟಿಂಗ್ ಆರ್ಡರು ಬಂದಿತ್ತು. ನಾಗಮಂಗಲದ ಕಡೆಯ ಗೆಳೆಯನೊಬ್ಬ, ಅವನೂ ನಮ್ಮಲ್ಲಿ ಬಣ್ಣ ಹೊಡೆಯುವವನೇ, ಇವನ ಬದಲು ಬಂದು ಗೋಡೆ ಮುಗಿಸಿದ್ದ. ಮುಯ್ಯಾಳಾಗಿ ಬಂದಿದ್ದ. ನಮ್ಮ ಕಡೆ ಇದು ಹೊಸದಲ್ಲ. ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಕೂಲಿಯ ಮಾತಿಲ್ಲ, ದುಡಿಮೆಗೆ ದುಡಿಮೆ. ನಾಟಿಗೆ, ಕುಯ್ಲಿಗೆ ಮುಯ್ಯಾಳು ಹೋಗುವುದನ್ನು ಕಂಡೇ ಬೆಳೆದವಳು ನಾನು. ಆದರೆ ಅದು ನನ್ನ ವೋಚರಿನೊಳಕ್ಕೆ ಬಂದು ಕೂರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಅವನು ಬಂದದ್ದು ನಿನ್ನ ಬದಲಿಗೆ ತಾನೆ? ಅಂದರೆ ದುಡ್ಡು ನಿನ್ನದೇ. ಸಹಿ ಹಾಕಪ್ಪ" ಎಂದೆ.

"ನಾನಿನ್ನೂ ಮುಯ್ಯಿ ತೀರಿಸಿಲ್ವಲ್ಲ. ರಾಗಿ ಒಕ್ಕಣೆಗೆ ಬತ್ತೀನಿ ಅಂದಿದ್ದೆ, ಆ ಒತ್ಗೇ ನಮ್ಮವ್ಳಿಗೆ ಎರ್ಗೆ ಆಯ್ತು, ಓಗಾಕಾಗ್ನಿಲ್ಲ. ತೀರಿಸ್ದೆ ದುಡ್ ಈಸ್ಕಂಡ್ರೆ ಅವ್ನ್ ಬೆವ್ರು ನಾನ್ ಕುಡ್ದಂಗಾಯ್ತದೆ. ಅವ್ನ್ಗೇ ಕೊಟ್ಬುಡಿ."

ಸರಿ, ಅವನಿಗೇ ಕೊಟ್ಟುಬಿಡೋಣ ಎಂದು ನಾಗಮಂಗಲಕ್ಕೆ ಬಸ್ಸು ಹತ್ತಿದೆವು, ಅಲ್ಲಿಂದ ಇನ್ನೊಂದು ಬಸ್ಸು. ಲೆಕ್ಕದವರು ದಾರಿಯಲ್ಲಿ ಬಸ್ ಟಿಕೆಟುಗಳನ್ನು ಜೋಡಿಸಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಆ ಗೆಳೆಯ ಹೊಲದಿಂದ ಬಂದವನು ಲಕೋಟೆ ನೋಡಿ ಇನ್ನೂ ಕೆರಳಿದ.

"ನಾನೇನ್ ದುಡ್ಗೆ ಓಗಿದ್ನಾ? ಅವ್ನ್ ಕರ್ದ, ಓದೆ. ದುಡ್ ಈಸ್ಕಂಡ್ರೆ ಕೂಲಿ ಆಯ್ತದೆ. ಅವ್ನ್ ಮನೆ ಕೂಲಿಯವ್ನಾ ನಾನು?"

"ಅಲ್ಲಯ್ಯಾ, ಹೋದ ತಿಂಗಳ ಗೋಡೆಗೆ ಎಣಿಸಿಕೊಂಡು ಈಸ್ಕೊಂಡೆಯಲ್ಲ!"

"ಅದು ನಿಮ್ ಕೆಲ್ಸ. ಇದು ಅವ್ನ್ ಕೆಲ್ಸ."

ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಊರೆಲ್ಲ ದುಡ್ಡಿಗೆ ಬಾಯಿ ಬಿಡುತ್ತಿರುವಾಗ ನನ್ನ ಹಣೆಯಲ್ಲಿ ಇಂಥ ಇಬ್ಬರು ಹರಿಶ್ಚಂದ್ರರು ಬರೆದಿದ್ದರು. ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತು, ಸಿಟ್ಟಿನಲ್ಲಿ ಲೆಕ್ಕದವರಿಗೆ ಹೇಳಿದೆ: "ನೀವೇ ಏನಾದರೂ ಒಂದು ಗೀಚಿಬಿಡಿ ಸಾರ್. ಯಾರು ನೋಡ್ತಾರೆ?"

ಅವರು ನಿಧಾನವಾಗಿ ಹೇಳಿದರು. "ಗೀಚಬಹುದು. ಆಮೇಲೆ ಅವನು ದುಡ್ಡು ಮುಟ್ಟಿಲ್ಲ, ಸಹಿ ಹಾಕಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬರ್ತಾನಲ್ಲಮ್ಮ. ಇವರು ದುಡ್ಡು ಮುಟ್ಟದೇ ಇದ್ದದ್ದನ್ನ ಹೇಳ್ಕೊಳ್ಳೋ ಜನ."

ಮಾತು ನಿಜ. ಯುಗಾದಿ ಹತ್ತಿರ ಬರುತ್ತಿತ್ತು. ಅಣ್ಣ ಆಗಲೇ ಒಬ್ಬ ಬಡಗಿಯನ್ನು ಕರೆತಂದು, ಫೋನಿನ ಗೂಡಿಗೆ ಎಷ್ಟು ಹಲಗೆ ಬೇಕೆಂದು ನನ್ನ ಬಣ್ಣದ ಡಬ್ಬಗಳ ನಡುವೆ ಟೇಪು ಹಿಡಿಸಿದ್ದ. "ಸುಮ್ನೆ ಅಳತೆಗೆ" ಎಂದಿದ್ದ. ಆ ಟೇಪಿನ ಕಟ್ ಎನ್ನುವ ಸದ್ದು ನೆನಪಾಗಿ ಕಟ್ಟೆಯಿಂದ ಎದ್ದೆ. ವಾಪಸ್ಸು ಆ ಗೆಳೆಯನ ಮನೆಗೇ ನಡೆದೆ. ಅವನ ತಾಯಿ ಜಗಲಿಯ ಮೇಲೆ ಅವರೆಕಾಳು ಬಿಡಿಸುತ್ತಿದ್ದಳು.

"ಅವ್ವಾ, ಈಗ ನಿಮ್ಮ ಮನೆಯಲ್ಲಿ ಏನು ಕೆಲಸ ಬಾಕಿ ಇದೆ?"

"ಏನ್ ಇಲ್ಲ ಅಂತ ಏಳ್ಲವ್ವ. ತಿಪ್ಪೆ ಬೆಟ್ಟದಂಗೆ ಬೆಳ್ಕಂಡ್ ಕೂತದೆ. ಒಲಕ್ಕೆ ಒಡೀಬೇಕು. ಆಳೇ ಸಿಕ್ತಿಲ್ಲ."

ಅಷ್ಟು ಸಾಕಾಯಿತು. ಮರುದಿನ ಹೊಸಹೊಳಲಿಗೆ ಹೋಗಿ ಅವನನ್ನು ಹೊರಡಿಸಿದೆ. "ಮುಯ್ಯಿ ತೀರಿಸೋಕೆ ಈಗ ಕೆಲಸ ಇದೆ, ನಡಿ. ನನ್ನ ಅಂಗಡಿ ಹೋಗುತ್ತೆ ಕಣೋ" ಎಂದೆ. ಅಂಗಡಿಯ ಮಾತು ಅವನಿಗೆ ತಾಗಿತೋ ಇಲ್ಲವೋ, ಮುಯ್ಯಿಯ ಮಾತು ತಾಗಿತು. ಹೆಂಡತಿಗೆ ಹೇಳಿ, ಟವೆಲು ಹೆಗಲಿಗೆ ಹಾಕಿಕೊಂಡು ಬಂದ. ಗೆಳೆಯ ಎಷ್ಟು ದಿನ ಗೋಡೆಯ ಮುಂದೆ ನಿಂತಿದ್ದನೋ ಅಷ್ಟು ದಿನ ಇವನು ತಿಪ್ಪೆ ಅಗೆದು ಗಾಡಿಗೆ ತುಂಬಬೇಕು. ವರ್ಷವಿಡೀ ರಸಗೊಬ್ಬರದ ಹೆಸರು ಬರೆಯುವವರಿಬ್ಬರೂ ಸಗಣಿ ಗೊಬ್ಬರ ಹೊತ್ತರು.

ಕೊನೆಯ ದಿನ ನಾನೂ ಲೆಕ್ಕದವರೂ ಬೆಳಿಗ್ಗೆಯೇ ಅಲ್ಲಿ ಹಾಜರು. ಕೆಲಸ ಬೇಗ ಮುಗಿಯಲಿ ಎಂದು ಸೆರಗು ಕಟ್ಟಿ ನಾನೂ ಒಂದು ಮಂಕರಿ ಗೊಬ್ಬರ ಎತ್ತಿದೆ. ನಾಗಮಂಗಲದ ಗೆಳೆಯ ಓಡಿಬಂದು ಕಿತ್ತುಕೊಂಡ.

"ಮಡುಗಕ್ಕ ಕೆಳೀಕೆ! ನೀವ್ ಒತ್ರೆ ಅದು ನಿಮ್ ಮುಯ್ಯಾಯ್ತದೆ. ಅವ್ನ್ ಲೆಕ್ಕಕ್ಕೆ ಬರಾಕಿಲ್ಲ. ಆಮೇಲೆ ನಾನ್ ಬಂದು ನಿಮ್ಗೆ ತೀರಿಸ್ಬೇಕು."

ಲೆಕ್ಕದವರು ಇದನ್ನು ಕೇಳಿ ಮೆಚ್ಚುಗೆಯಿಂದ ತಲೆಯಾಡಿಸಿದರು. ನನಗೆ ಅವರ ಮೇಲೂ ಸಿಟ್ಟು ಬಂತು. ಮಂಕರಿ ಇಳಿಸಿ ಸಂಜೆಯವರೆಗೂ ಜಗಲಿಯ ಮೇಲೆ ಕೂತೆ. ಅವನ ತಾಯಿ ನನ್ನ ವಯಸ್ಸು ಕೇಳಿದಳು, ಮದುವೆ ಯಾಕಾಗಿಲ್ಲ ಕೇಳಿದಳು, ಉತ್ತರಕ್ಕೆ ಕಾಯದೆ ಮುದ್ದೆ ಬಸ್ಸಾರು ಬಡಿಸಿದಳು. ಸಾರಿಗೆ ಉಪ್ಪು ಸರಿಯಾಗಿತ್ತು. ಲೆಕ್ಕದವರು ಎರಡು ಸಲ ಹಾಕಿಸಿಕೊಂಡರು.

ಹೊತ್ತು ಇಳಿದ ಮೇಲೆ ಹೊಸಹೊಳಲಿನವನು ಕೈಕಾಲು ತೊಳೆದುಕೊಂಡು ಬಂದು, ಒದ್ದೆ ಬೆರಳಿನಲ್ಲೇ ಪೆನ್ನು ಹಿಡಿದು ಸಹಿ ಹಾಕಿದ. ಲಕೋಟೆ ಈಸಿಕೊಂಡ. ಎದುರಿಗೆ ನಿಂತಿದ್ದ ಗೆಳೆಯ, "ಎಣಿಸ್ಕಳ್ಲಾ, ಅಕ್ಕ ಕಮ್ಮಿ ಇಟ್ಟಿದ್ರೆ!" ಎಂದು ನಕ್ಕ. ನಾನು ನಗಲಿಲ್ಲ. ಆ ಚೀಟಿಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡ ಮೇಲೆ ಮಾತ್ರ ಉಸಿರು ಬಿಟ್ಟೆ. ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಅವರಿಬ್ಬರನ್ನೂ ತಬ್ಬಿಕೊಳ್ಳುವಷ್ಟು ಖುಷಿಯಾಗಿತ್ತು.

ಮೈಸೂರಿನ ಆಡಿಟರು ಚೀಟಿಗಳನ್ನು ಒಂದೊಂದಾಗಿ ತಿರುವಿ ಸಹಿ ಹಾಕಿದರು, ಹೇಳಿದಂತೆ ಅರ್ಧ ಫೀಸು ಪಡೆದರು. ಕಂಪನಿಗೆ ಒಂದು ಪ್ರತಿ ಅಂಚೆಯಲ್ಲಿ ಹೋಯಿತು. ಕೆಲಸ ಮುಂದುವರಿಯುತ್ತದೆಂದು ಅವರಿಂದ ಕಾಗದವೂ ಬಂತು. ಯುಗಾದಿಯ ಹಿಂದಿನ ಭಾನುವಾರ ಅಣ್ಣ ಮನೆಗೆ ಬಂದಾಗ ಕಾಗದವನ್ನೂ ಲೆಕ್ಕವನ್ನೂ ಅವನ ಮುಂದೆ ಇಟ್ಟೆ. ಅಪ್ಪ ಗೋಡೆಗೊರಗಿ ಕೂತಿದ್ದರು. ಲೆಕ್ಕದವರು ಊಟ ಮುಗಿಸಿ ಅಡಿಕೆ ಅಗಿಯುತ್ತಿದ್ದರು.

ಅಣ್ಣ ಕಾಗದ ಓದಲೇ ಇಲ್ಲ. ಲೆಕ್ಕದ ಕೊನೆಯ ಸಾಲಿಗೆ ಬೆರಳಿಟ್ಟ. "ಇಷ್ಟೇನಾ ಲಾಭ? ಇದು ನನ್ನ ಮೂರು ತಿಂಗಳ ಸಂಬಳ! ಇದಕ್ಕೆ ವರ್ಷವೆಲ್ಲ ಬಾಗಿಲು ತೆಗೀಬೇಕಾ? ಬೂತು ಹಾಕಿದ್ರೆ ಮನೆಗೆ ಇದರ ಎರಡರಷ್ಟು ಬರುತ್ತೆ."

"ಕೆಲಸ ಉಳಿದರೆ ಅಂಗಡಿ ನನ್ನದು ಅಂದಿದ್ದೆ ನೀನು."

"ಅಂದಿದ್ದೆ. ಇಷ್ಟು ಕಡಿಮೆ ಅಂತ ನನಗೇನು ಗೊತ್ತಿತ್ತು?"

ಎಷ್ಟು ಬಸ್ಸು, ಎಷ್ಟು ಊರು, ಎಷ್ಟು ಜನರ ಕಾಲು ಹಿಡಿದದ್ದು, ಎಲ್ಲ ನೀರಿನಲ್ಲಿ ಹೋಮ. ಅಷ್ಟರಲ್ಲಿ ಅಪ್ಪ ಬಾಯಿಬಿಟ್ಟರು.

"ಓದವ್ವ ಲೆಕ್ಕವ. ಮೊದ್ಲಿಂದ ಓದು."

ಓದಿದೆ. ಬಣ್ಣ, ಬ್ರಷ್ಷು, ಸುಣ್ಣ. ಬಣ್ಣದವರ ಕೂಲಿ, ಊರು ಊರಿನದೂ. ಬಸ್ ಚಾರ್ಜು. ಆಡಿಟರ ಫೀಸು. ಲೆಕ್ಕದವರ ಫೀಸು. ಕರಿಘಟ್ಟದ ಗಾಡಿಗೆ ಹೊಡೆದ ಹಸಿರೂ ಅದರಲ್ಲಿತ್ತು, ಪ್ರಚಾರದ ಖರ್ಚು ಎಂದು. ಕೊನೆಯಲ್ಲಿ ಲಾಭ. ನಿಲ್ಲಿಸಿದೆ.

"ನಿನ್ ಕೂಲಿ ಬುಟ್ಬುಟ್ಯಲ್ಲವ್ವ" ಎಂದರು ಅಪ್ಪ.

"ನನಗೆಲ್ಲಿಯ ಕೂಲಿ ಅಪ್ಪಾ."

ಅಪ್ಪ ಮುಖವನ್ನು ಲೆಕ್ಕದವರಿದ್ದ ಕಡೆಗೆ ತಿರುಗಿಸಿದರು. ಅವರು ಅಡಿಕೆ ಉಗಿದು ಬಂದು, "ಮಾಲೀಕರಿಗೆ ವೋಚರು ಇರಲ್ಲ ಯಜಮಾನ್ರೆ" ಎಂದರು.

"ಮಾಲೀಕ ಯಾರು?"

"ಲೈಸೆನ್ಸು ನಿಮ್ಮ ಹೆಸರಲ್ಲೇ ಇದೆ."

"ಅಂಗಾರೆ ಇವ್ಳು ಮಾಲೀಕ್ಳೂ ಅಲ್ಲ, ಆಳೂ ಅಲ್ಲ. ಮತ್ ಯಾರು?"

ಲೆಕ್ಕದವರು ಪೆನ್ನಿನ ಕ್ಯಾಪು ತೆಗೆದರು, ಮತ್ತೆ ಹಾಕಿದರು. ಅಣ್ಣ ಮಧ್ಯೆ ಬಾಯಿ ಹಾಕಿದ. "ಮನೆ ಮಗಳಪ್ಪಾ. ಮನೆಯವರು ಮನೆ ಕೆಲಸ ಮಾಡಿದ್ರೆ ಅದಕ್ಕೂ ಯಾರಾದ್ರೂ ಲೆಕ್ಕ ಇಡ್ತಾರಾ?"

"ನೀನೂ ಮನೆ ಮಗ್ನೇ. ನಿನ್ ಸಂಬ್ಳ ತಿಂಗ್ಳು ತಿಂಗ್ಳು ನೀನ್ ಈಸ್ಕಂತಿಲ್ವಾ?" ಅಪ್ಪ ದನಿ ಏರಿಸಲಿಲ್ಲ. "ಅಂಗ್ಡಿ ಬೇಕು ತಾನೆ? ತಕಾ. ನಾನ್ ಬ್ಯಾಡ ಅನ್ನಾಕಿಲ್ಲ. ಇವ್ಳ್ ಇಷ್ಟ್ ವರ್ಸ ಮಾಡವ್ಳಲ್ಲ, ಆ ಕೂಲಿ ಕೊಟ್ಬುಟ್ಟು ತಕಾ."

ಲೆಕ್ಕದವರು, ಯಾರೂ ಹೇಳದೆಯೇ, ಒಂದು ಹಾಳೆಯ ಹಿಂಬದಿಗೆ ಬರೆಯಲು ಶುರು ಮಾಡಿದರು. ಬಣ್ಣದವನಿಗೆ ದಿನಕ್ಕೆ ಬೀಳುವ ಕೂಲಿ, ತಿಂಗಳಿಗಿಷ್ಟು, ವರ್ಷಕ್ಕಿಷ್ಟು. ಬರೆದರು, ಕೂಡಿದರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಮ್ಮೆ ಕೂಡಿದರು. ಹಾಳೆಯನ್ನು ಅಣ್ಣನ ಕಡೆಗೆ ತಳ್ಳಿದರು.

ಅಣ್ಣ ಹಾಳೆ ಎತ್ತಿಕೊಂಡು ಕೊನೆಯ ಮೊತ್ತ ನೋಡಿದ. ಅವನ ಮುಖದಲ್ಲಿ ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ.

"ಅಪ್ಪಾ, ಅಷ್ಟೊಂದು ನಾನು ಎಲ್ಲಿಂದ ತರಲಿ?" ಎಂದ.

ನಾನು ಅಲ್ಲೇ ಎಲ್ಲರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಅಂಗಡಿ ಉಳಿಯಿತೆಂದು ಅತ್ತಳು ಎಂದು ಅಮ್ಮ ತಿಳಿದು ಬೆನ್ನು ಸವರಿದಳು. ಅಂಗಡಿ ಉಳಿದದ್ದು ನನಗಿನ್ನೂ ತಲೆಗೇ ಹೋಗಿರಲಿಲ್ಲ. ಅಷ್ಟೊಂದು ಎಂದನಲ್ಲ ಅಣ್ಣ, ಅದಕ್ಕೆ ಅತ್ತೆ. ನಾನು ದುಡಿದದ್ದು ಅಷ್ಟೊಂದು ಎಂದು ನನಗೆ ಗೊತ್ತೇ ಇರಲಿಲ್ಲ.